ಎಣಿಕೆಗೆ ಬಾರದ ತಾಸುಗಳು

ನಮ್ಮ ಜಮಖಂಡಿ-ಮುಧೋಳ ಸೀಮೆಯ ಗೃಹಸ್ಥರ ಮನೆಗಳಲ್ಲಿ ಗೋಡೆಯ ಮೇಲೆ ದಿನದರ್ಶಿಕೆಯೊಂದು ತೂಗುತ್ತಿರುವದು ವಾಚಕರಿಗೆಲ್ಲ ಗೊತ್ತಿದ್ದ ಸಂಗತಿ. ಅದರೊಳಗಿನ ಅಮಾವಾಸ್ಯೆ-ಹುಣ್ಣಿವೆಗಳನ್ನೂ ಹಬ್ಬ-ಜಾತ್ರೆಗಳನ್ನೂ ನೋಡಿಯೇ ನಮ್ಮ ಕಾರ್ಯಗಳು ನಿಶ್ಚಯವಾಗುವವು. ಆದರೆ ಕೆಲವು ಮನೆಗಳಲ್ಲಿ ಈ ದಿನದರ್ಶಿಕೆಗಿಂತಲೂ ಹೆಚ್ಚು ಬಲವುಳ್ಳ ಇನ್ನೊಂದು ಕಾಗದವಿರುವದು. ಅದು ದುಡಿಯಲು ಹೋದವರ ಪಾಳಿಯ ಪಟ್ಟಿ. ಸಕ್ಕರೆ ಕಾರಖಾನೆಯವನ ಮನೆಯಲ್ಲಿ, ಬಸ್ಸಿನ ಚಾಲಕನ ಮನೆಯಲ್ಲಿ, ಆಸ್ಪತ್ರೆಯ ದಾದಿಯ ಮನೆಯಲ್ಲಿ, ಮಗುವಿನ ಜಾವಳವಿರಲಿ ಹಿರಿಯರ ತಿಥಿಯಿರಲಿ, ಈ ಪಟ್ಟಿಯ ಅಪ್ಪಣೆಯಿಲ್ಲದೆ ನಡೆಯಲಾರದು. ನಮ್ಮ ಮನೆತನಕ್ಕೆ ಈಗ ನಾಲ್ಕು ವರುಷಗಳಿಂದ ಬರುತ್ತಿರುವ ಪಟ್ಟಿಯು ವಿಮಾನ ಸಂಸ್ಥೆಯೊಂದರದು. ನನ್ನ ತಮ್ಮನ ಮಗಳು ಬೆಂಗಳೂರಿನಲ್ಲಿದ್ದು ವಿಮಾನದ ಸಹಚಾಲಕಿಯಾಗಿ ಕೆಲಸ ಮಾಡುತ್ತಾಳೆ.

ಪಟ್ಟಿಗಳ ವಿಷಯವಾಗಿ ನಾಲ್ಕು ಮಾತು ಬರೆಯಲು ನನಗೆ ಅಷ್ಟಿಷ್ಟು ಅಧಿಕಾರವುಂಟೆಂದು ಭಾವಿಸುತ್ತೇನೆ. ನನ್ನ ನೌಕರಿಯ ಹದಿನೇಳು ವರುಷಗಳು ಸರಕಾರಿ ಬಸ್ಸುಗಳ ಒಂದು ಡಿಪೋದಲ್ಲಿ ಚಾಲಕರ ಮತ್ತು ಕಂಡಕ್ಟರರ ಡ್ಯೂಟಿಗಳನ್ನು ಬರೆಯುವ ಮೇಜಿನ ಮುಂದೆ ಕಳೆದವು. ಸಂಜೆಯಾಯಿತೆಂದರೆ ನನ್ನ ಕಿಟಕಿಯ ಮುಂದೆ ಜನ ಕೂಡುವರು. ಒಬ್ಬನಿಗೆ ಬೀಗರು ಬರುವವರಿದ್ದಾರೆ. ಒಬ್ಬನ ಕಬ್ಬು ಕಡಿಯಲು ಗುಂಪು ಬಂದಿದೆ. ಇನ್ನೊಬ್ಬನ ತಾಯಿಗೆ ಮೈಯಲ್ಲಿ ನೆಟ್ಟಗಿಲ್ಲ. ಎಲ್ಲರಿಗೂ ಬೇಡವಾದುದೆಂದರೆ ವಸ್ತಿ ಗಾಡಿ. ಸಂಜೆ ಹೊರಟು ಕೃಷ್ಣೆಯ ದಂಡೆಯ ಯಾವದೋ ಹಳ್ಳಿಯಲ್ಲಿ ರಾತ್ರಿ ನಿಂತು, ಬೆಳಗಿನ ಜಾವ ಹಾಲಿನವರನ್ನೂ ಶಾಲೆಯ ಮಕ್ಕಳನ್ನೂ ಹತ್ತಿಸಿಕೊಂಡು ಬರುವ ಗಾಡಿಯದು. ಚಾಲಕನು ಮಲಗುವದು ಗಾಡಿಯ ಆಸನದ ಮೇಲೆ, ಇಲ್ಲವೆ ಗುಡಿಯ ಕಟ್ಟೆಯ ಮೇಲೆ. ಹಿರಿಯ ಚಾಲಕರು ಹಗಲಿನ ಮಾರ್ಗಗಳನ್ನು ಕೇಳುವರು; ಅವರ ಸೇವೆಗೆ ಮರ್ಯಾದೆಯಾಗಿ ಅವು ಅವರಿಗೆ ಸಲ್ಲುವವು; ಹೊಸದಾಗಿ ಸೇರಿದ ಹುಡುಗನ ಪಾಲಿಗೆ ವಸ್ತಿ ಗಾಡಿ ಉಳಿಯುವದು. ಹಿರಿತನದ ನ್ಯಾಯವೆಂಬುದು ಸಣ್ಣ ಡಿಪೋದಲ್ಲಿಯೂ ಒಂದೇ, ದೊಡ್ಡ ವಿಮಾನ ಸಂಸ್ಥೆಯಲ್ಲಿಯೂ ಒಂದೇ ಎಂಬುದು ಮುಂದೆ ತಿಳಿದೀತು.

ಆ ಮೇಜಿನ ಮೇಲೆ ನನಗೆ ಕಾಯದೆಯ ಪುಸ್ತಕವೂ ಇದ್ದಿತು. 1961ನೆಯ ಇಸವಿಯ ಮೋಟಾರು ಸಾರಿಗೆ ಕೆಲಸಗಾರರ ಕಾಯದೆಯ ಮೇರೆಗೆ ದಿನಕ್ಕೆ 8 ತಾಸು, ವಾರಕ್ಕೆ 48 ತಾಸು ದುಡಿಮೆಯಿತ್ತು. ದೂರದ ಮಾರ್ಗಗಳಿಗೆ ಮಾತ್ರ ಕೊಂಚ ಸಡಿಲು. ವಾರದಲ್ಲಿ ಒಂದು ದಿನ ಪೂರ್ಣ ಬಿಡುವು. ಕೆಲಸ ಬಿಡಿಬಿಡಿಯಾಗಿದ್ದರೂ ಮೊದಲಿನಿಂದ ಕಡೆಯ ವರೆಗಿನ ಹರವು 12 ತಾಸು ಮೀರುವಂತಿರಲಿಲ್ಲ. ಕಾಗದದ ಮೇಲೆ ಇಷ್ಟು ಸ್ಪಷ್ಟವಿದ್ದರೂ ಜಾತ್ರೆಯ ಕಾಲ ಬಂದಿತೆಂದರೆ, ನಾಲ್ಕು ಜನ ಗೈರುಹಾಜರಾದರೆಂದರೆ, ಬಿಡುವಿನ ಮನುಷ್ಯನನ್ನು ಹಾಸಿಗೆಯಿಂದ ಎಬ್ಬಿಸಿ ಕರೆಯಿಸುವದು ವಾಡಿಕೆಯೇ ಆಗಿತ್ತು. ದೀಪಾವಳಿಯ ಒಂದು ಸಂದರ್ಭವು ನನಗೆ ಚೆನ್ನಾಗಿ ನೆನಪಿದೆ. ಮಗಳ ಲಗ್ನದ ಸಾಲವನ್ನು ಹೊತ್ತ ಒಬ್ಬ ಚಾಲಕನು ಹೆಚ್ಚಿನ ತಾಸುಗಳ ಹಣಕ್ಕಾಗಿ ಡಬಲ್ ಡ್ಯೂಟಿ ಕೇಳಿದನು. ಪಟ್ಟಿಯಲ್ಲಿ ನಾನು ಅವನ ವಾರದ ರಜೆಯನ್ನು ಬರೆದಿದ್ದೆನು. ಮೇಲಿನವರು ಅದನ್ನು ಹೊಡೆದುಹಾಕಿ ಅವನನ್ನು ಕಳಿಸಿದರು. ಮರುದಿನ ಬೆಳಗಿನ ಜಾವ ಘಟಪ್ರಭೆಯ ಈಚೆಯ ತಿರುವಿನಲ್ಲಿ ಅವನಿಗೆ ಜೊಂಪು ಹತ್ತಿ ಗಾಡಿಯು ಕಬ್ಬಿನ ಹೊಲದೊಳಗೆ ಇಳಿಯಿತು. ಕಬ್ಬು ದಟ್ಟವಾಗಿ ಬೆಳೆದು ನಿಂತಿತ್ತು, ಗಾಡಿ ಮಗುಚಲಿಲ್ಲ. ಇಬ್ಬರು ಹೆಂಗಸರಿಗೆ ತುಸು ಗಾಯಗಳಾದವು. ವಿಚಾರಣೆಯಲ್ಲಿ ಆ ಚಾಲಕನು ತಲೆ ತಗ್ಗಿಸಿ, "ಕಣ್ಣ ತೆರದ ಇದ್ದೂರಿ ಸಾಹೇಬ್ರ, ಆದ್ರ ಏನೂ ಕಾಣಸ್ಲಿಲ್ರಿ" ಎಂದು ಹೇಳಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ.

ಇರಲಿ. ನನ್ನ ತಮ್ಮನದು ಬನಹಟ್ಟಿಯಲ್ಲಿ ನೇಕಾರಿಕೆಯ ಸಂಸಾರ. ನಾಲ್ಕು ಪಾವರಲೂಮುಗಳು, ಅದಕ್ಕೆ ತಕ್ಕ ಸಾಲ. ಮಗಳು ಓದಿನಲ್ಲಿ ಚುರುಕಾಗಿದ್ದು ವಿಮಾನ ನಡೆಸುವ ಶಿಕ್ಷಣ ಬೇಕೆಂದಾಗ ನಮ್ಮ ತಂದೆಯ ಕಾಲದ ಎರಡು ಎಕರೆ ಭೂಮಿಯನ್ನು ಮಾರಿದ್ದಲ್ಲದೆ ಬ್ಯಾಂಕಿನಿಂದಲೂ ದೊಡ್ಡ ಮೊತ್ತವನ್ನು ಎತ್ತಬೇಕಾಯಿತು. ಓಣಿಯ ಜನ ನಕ್ಕರು. ಅವಳು ಮೊದಲ ಬಾರಿಗೆ ಹೆಗಲ ಮೇಲೆ ಬಂಗಾರದ ಪಟ್ಟಿಗಳ ಅಂಗಿಯನ್ನು ತೊಟ್ಟು ತೆಗೆಯಿಸಿಕೊಂಡ ಭಾವಚಿತ್ರವು ಬಂದಾಗ ಅದೇ ಓಣಿಯವರು ಪೇಢೆ ಕೇಳಲು ಬಂದರು. ಲೋಕದ ರೀತಿ.

ಅವಳ ಮೊದಲ ತಿಂಗಳ ಪಟ್ಟಿಯನ್ನು ಅವಳೇ ನನಗೆ ಮೊಬೈಲಿನಲ್ಲಿ ಕಳಿಸಿ, "ದೊಡ್ಡಪ್ಪಾ, ನೀವು ಹದಿನೇಳು ವರ್ಷ ಬರದದ್ದು ಇಂಥಾದ್ದ ಅಲ್ಲೇನು? ನೋಡಿ ಹೇಳ್ರಿ" ಎಂದಳು. ನೋಡಿದೆನು. ಮೂವತ್ತು ಮನೆಗಳ ಕೋಷ್ಟಕ. ಪ್ರತಿಯೊಂದು ಮನೆಯಲ್ಲಿ ಊರುಗಳ ಸಂಕೇತಾಕ್ಷರಗಳು, ಹಾಜರಾಗುವ ವೇಳೆ, ಇಳಿಯುವ ವೇಳೆ, ಕೆಲವೆಡೆ ಬಿಡುವು, ಕೆಲವೆಡೆ ಸ್ಟ್ಯಾಂಡ್‌ಬೈ. ಈ ಕಡೆಯದರ ಅರ್ಥವೆಂದರೆ ಕೆಲಸವೂ ಇಲ್ಲ, ಬಿಡುವೂ ಇಲ್ಲ. ಸಮವಸ್ತ್ರಕ್ಕೆ ಇಸ್ತ್ರಿ ಮಾಡಿಟ್ಟು, ಕರೆ ಬಂದರೆ ಹೊರಡುವಂತೆ ಕಾದಿರುವದು. ನಮ್ಮ ಡಿಪೋದಲ್ಲಿಯೂ ಇಂಥ ಕಾಯುವವರಿದ್ದರು. ಬೇವಿನ ಗಿಡದ ಕೆಳಗೆ ಅವರ ಬೆಂಚು.

ಈ ಪಟ್ಟಿಯನ್ನು ಯಾರು ಬರೆಯಬೇಕು, ಅದರಲ್ಲಿ ದುಡಿಯುವವನ ಮಾತಿಗೆ ಎಷ್ಟು ಬೆಲೆ ಎಂಬುದೇ ವೈಮಾನಿಕರ ಲೋಕದಲ್ಲಿ ದೊಡ್ಡ ಪ್ರಶ್ನೆ. ಅಮೇರಿಕೆಯಲ್ಲಿ ಅವರ ಸಂಘವು 1931ರಲ್ಲಿಯೇ ಹುಟ್ಟಿತು. 1934ರಲ್ಲಿ ಅಲ್ಲಿಯ ಕಾರ್ಮಿಕ ಮಂಡಳಿಯು ಕೊಟ್ಟ 83ನೆಯ ತೀರ್ಪಿನಿಂದ ವೈಮಾನಿಕನು ತಿಂಗಳಿಗೆ 85 ತಾಸಿಗಿಂತ ಹೆಚ್ಚು ಹಾರಕೂಡದೆಂದು ನಿಶ್ಚಯವಾಯಿತು. ಅಲ್ಲಿಯ ಹಂಚಿಕೆಯ ಕ್ರಮ ಹೀಗೆ: ಬರುವ ತಿಂಗಳ ಹಾರಾಟಗಳನ್ನೆಲ್ಲ ಒಬ್ಬೊಬ್ಬನಿಗೆ ಒಂದೊಂದರಂತೆ ಸಾಲುಗಳಾಗಿ ಕಟ್ಟಿ ಮುಂದಿಡುವರು. ಸಂಸ್ಥೆಗೆ ಸೇರಿದ ದಿನದಿಂದ ಎಣಿಸಿದ ಹಿರಿತನದ ಅಂಕಿಯೊಂದು ಪ್ರತಿಯೊಬ್ಬನಿಗುಂಟು. ಮೊದಲನೆಯ ಅಂಕಿಯವನು ತನಗೆ ಬೇಕಾದ ಸಾಲನ್ನು ಮೊದಲು ಆರಿಸುವನು. ಅವನ ತರುವಾಯ ಎರಡನೆಯವನು. ಹೀಗೆ ಇಳಿಯುತ್ತ ಕಟ್ಟಕಡೆಯವರಿಗೆ ಸಾಲೇ ಉಳಿಯದೆ ಕಾದಿರುವ ಪಾಳಿಯು ಬರುವದು. ಈಚೆಗೆ ಹಲವು ಸಂಸ್ಥೆಗಳಲ್ಲಿ ಸಾಲು ಆರಿಸುವ ಬದಲು "ನನಗೆ ರವಿವಾರ ಬಿಡುವಿರಲಿ, ಬೆಳಗಿನ ಜಾವದ ಹಾರಾಟ ಬೇಡ" ಎಂದು ಅಪೇಕ್ಷೆಗಳನ್ನು ಬರೆದುಕೊಟ್ಟರೆ ಗಣಕಯಂತ್ರವು ಹಿರಿತನದ ಕ್ರಮದಿಂದ ಅವನ್ನು ಪೂರೈಸುತ್ತ ಹೋಗುವದು. ಇದಕ್ಕೆ ಬಿಡ್ ಹಾಕುವದೆಂದು ಹೆಸರು. ನಮ್ಮಲ್ಲಿ ಲಿಲಾವಿನಲ್ಲಿ ಸವಾಲು ಹಾಕುವದಕ್ಕೂ ಇದೇ ಹೆಸರಾದರೂ ಅಲ್ಲಿ ಹಣವುಳ್ಳವನು ಗೆಲ್ಲುವನು, ಇಲ್ಲಿ ಮೊದಲು ಬಂದವನು ಗೆಲ್ಲುವನು. ಇದರೊಳಗೊಂದು ಬಿಗಿಯೂ ಉಂಟು. ಒಂದು ಸಂಸ್ಥೆಯನ್ನು ಬಿಟ್ಟು ಇನ್ನೊಂದಕ್ಕೆ ಹೋದರೆ ಇಪ್ಪತ್ತು ವರುಷದ ಅನುಭವಿಯೂ ಅಲ್ಲಿ ಕಡೆಯ ಅಂಕಿಯವನೇ. ಹೀಗಾಗಿ ಹಿರಿತನವು ಅವನ ಆಸ್ತಿಯೂ ಹೌದು, ಕಾಲಿಗೆ ಕಟ್ಟಿದ ಹಗ್ಗವೂ ಹೌದು.

ನಮ್ಮ ದೇಶದಲ್ಲಿ ಬಹುಮಟ್ಟಿಗೆ ಪಟ್ಟಿಯನ್ನು ಸಂಸ್ಥೆಯೇ ಬರೆಯುವದು. ನನ್ನ ತಮ್ಮನ ಮಗಳ ಸಂಸ್ಥೆಯಲ್ಲಿ ತಿಂಗಳ ಕೆಲವು ದಿನಗಳಿಗಾಗಿ ಅಪೇಕ್ಷೆ ತಿಳಿಸಲು ಅವಕಾಶವಿದೆ. ಅಪೇಕ್ಷೆಯೆಂದರೆ ಅಪೇಕ್ಷೆಯೇ, ಕೊಟ್ಟರೆ ಕೊಟ್ಟರು.

ಸಂಬಳದ ಲೆಕ್ಕವನ್ನು ಅವಳು ವಿವರಿಸಿದಾಗ ನನ್ನ ತಮ್ಮನಿಗೆ ಆದ ಆಶ್ಚರ್ಯವು ಅಷ್ಟಿಷ್ಟಲ್ಲ. ವಿಮಾನವು ತಾನು ನಿಂತ ಜಾಗದಿಂದ ಕದಲಿದ ಗಳಿಗೆಯಿಂದ ಇನ್ನೊಂದು ಊರಲ್ಲಿ ಬಂದು ನಿಲ್ಲುವ ವರೆಗಿನ ತಾಸುಗಳೇ ಹಾರಾಟದ ಲೆಕ್ಕಕ್ಕೆ ಬರುವಂಥವು. ತಿಂಗಳಿಗೆ ಇಂತಿಷ್ಟು ತಾಸುಗಳ ಹಣವು ಕರಾರಿನ ಮೇರೆಗೆ ಖಂಡಿತ. ಮೇಲೆ ಹಾರಿದ್ದಕ್ಕೆ ಮೇಲಿನ ಹಣ. ಆದರೆ ಅದಕ್ಕೆ ಮುಂಚೆ ಮನೆಯಿಂದ ದೇವನಹಳ್ಳಿಯ ನಿಲ್ದಾಣಕ್ಕೆ ಹೋಗುವದು, ಹವೆಯ ವರದಿಯನ್ನೂ ಇಂಧನದ ಲೆಕ್ಕವನ್ನೂ ನೋಡುವದು, ಎರಡು ಹಾರಾಟಗಳ ನಡುವೆ ಕಾಯುವದು, ಮಂಜು ಕವಿದರೆ ನಿಂತಲ್ಲಿಯೇ ನಿಲ್ಲುವದು, ಇವು ಹಾರಾಟದ ಎಣಿಕೆಯಲ್ಲಿಲ್ಲ.

ಇದನ್ನು ಕೇಳಿ ನನ್ನ ತಮ್ಮನು ಬಹಳ ಹೊತ್ತು ಸುಮ್ಮನಿದ್ದು, "ಹಂಗಾರ ನಿಂದೂ ಮಜೂರಿ ನೇಯ್ಗೀನ ಆತಲ್ಲವಾ!" ಎಂದನು. ರಬಕವಿ-ಬನಹಟ್ಟಿಯ ಹೊರಗಿನ ವಾಚಕರಿಗೆ ಈ ಮಾತನ್ನು ಬಿಡಿಸಿ ಹೇಳಬೇಕು. ನಮ್ಮ ಕಡೆಯ ಬಹುಸಂಖ್ಯ ನೇಕಾರರು ಸ್ವಂತದ ನೂಲಿನಿಂದ ನೇಯುವವರಲ್ಲ. ಸಾವಕಾರನು ಹಾಸಿನ ಬೀಮನ್ನೂ ಹೊಕ್ಕಿನ ನೂಲನ್ನೂ ಕೊಡುವನು. ನೇಕಾರನು ಸೀರೆಗಳನ್ನು ನೇಯ್ದು ಒಪ್ಪಿಸಿ ಸೀರೆಗೆ ಇಷ್ಟೆಂದು ಮಜೂರಿ ಪಡೆಯುವನು. ಎಣಿಕೆಯು ಸೀರೆಗಳದು. ಹೊಸ ಹಾಸಿನ ಸಾವಿರಾರು ಎಳೆಗಳನ್ನು ಹಳೆಯ ಎಳೆಗಳಿಗೆ ಒಂದೊಂದಾಗಿ ಕೆಚ್ಚುವ ತಾಸುಗಳಿಗೆ ಬೇರೆ ಎಣಿಕೆಯಿಲ್ಲ. ಹರಿದ ಎಳೆಯನ್ನು ಹುಡುಕಿ ಕೂಡಿಸುವ ನಿಮಿಷಗಳಿಗೆ ಎಣಿಕೆಯಿಲ್ಲ. ಕರೆಂಟು ಹೋಗಿ ಮಗ್ಗವು ನಿಂತಾಗ ಬಾಗಿಲಲ್ಲಿ ಕುಳಿತು ಕಳೆದ ಮಧ್ಯಾಹ್ನಗಳಿಗೂ ಇಲ್ಲ. ಮನೆಯ ಹೆಂಗಸರು ಸುತ್ತುವ ಕಂಡಿಕೆಗಳನ್ನಂತೂ ಯಾರೂ ಕೆಲಸವೆಂದು ಎಣಿಸುವದೇ ಇಲ್ಲ. ನನ್ನ ನಾದಿನಿಯು, ಅಂದರೆ ತಮ್ಮನ ಹೆಂಡತಿಯು, ಇಪ್ಪತ್ತೆಂಟು ವರುಷಗಳಿಂದ ಒಲೆಯ ಮೇಲೆ ಸಾರು ಕುದಿಯುತ್ತಿರುವಾಗಲೇ ಕಂಡಿಕೆ ಸುತ್ತುತ್ತ ಬಂದವಳು. ಅವಳ ತಾಸುಗಳನ್ನು ಕೂಡಿಸಿದರೆ ಎಷ್ಟಾದಾವೆಂಬುದನ್ನು ನಾನೊಮ್ಮೆ ಪಟ್ಟಿ ಬರೆಯುವವನ ಚಟದಿಂದ ಲೆಕ್ಕ ಹಾಕಹೋಗಿ ಅರ್ಧಕ್ಕೇ ಬಿಟ್ಟೆನು.

ಆದರೆ ಒಂದು ಭೇದವುಂಟು. ನೇಕಾರನಿಗೆ ಇಂದು ಸಾಕು ಎನ್ನುವವರು ಯಾರೂ ಇಲ್ಲ. ಲಗ್ನದ ಹಂಗಾಮು ಬಂದಿತೆಂದರೆ ರಾತ್ರಿ ಹನ್ನೆರಡರ ವರೆಗೂ ಓಣಿಯಲ್ಲಿ ಮಗ್ಗಗಳ ಸದ್ದು ನಿಲ್ಲದು. ಮಗಳಿಗಾದರೋ ಕಾಯದೆಯು ಸಾಕು ಎನ್ನುತ್ತದೆ. ವರುಷಕ್ಕೆ 1000 ತಾಸಿಗಿಂತ ಹೆಚ್ಚು ಹಾರಲಾಗದು. ನಾಗರಿಕ ವಿಮಾನಯಾನದ ಮಹಾನಿರ್ದೇಶನಾಲಯವು 2024ರ ಜನೆವರಿಯಲ್ಲಿ ಹೊಸ ನಿಯಮಗಳನ್ನು ಹೊರಡಿಸಿತು. ಅದರಂತೆ ವಾರದ ವಿಶ್ರಾಂತಿಯು 36 ತಾಸಿನಿಂದ 48 ತಾಸಿಗೆ ಏರಿತು. ರಾತ್ರಿಯೆಂಬುದು ಮೊದಲು ನಡುರಾತ್ರಿಯಿಂದ 5ರ ವರೆಗೆ ಇದ್ದುದು 6ರ ವರೆಗೆ ಬೆಳೆಯಿತು. ಒಂದು ರಾತ್ರಿಯ ಕೆಲಸದಲ್ಲಿ 6 ಸಲ ಇಳಿಯಬಹುದಾಗಿದ್ದುದು 2 ಸಲಕ್ಕೆ ಇಳಿಯಿತು. ಈ ನಿಯಮಗಳು ಆ ವರುಷವೇ ಜಾರಿಗೆ ಬರಬೇಕಾಗಿದ್ದವು. ಸಂಸ್ಥೆಗಳು ಕಾಲಾವಕಾಶ ಕೇಳಿದವು. ಮಾತು ದಿಲ್ಲಿಯ ಹೈಕೋರ್ಟಿನ ವರೆಗೆ ಹೋಗಿ, ಕಡೆಗೆ 2025ರ ಜುಲೈ 1ರಿಂದ ಒಂದು ಭಾಗವೂ ನವೆಂಬರ 1ರಿಂದ ಉಳಿದ ಭಾಗವೂ ಜಾರಿಗೆ ಬಂದವು.

ಆ ವರುಷದ ನಾಗರ ಪಂಚಮಿಯು ಜುಲೈ 29ಕ್ಕೆ ಬಂದಿತ್ತು. ಪಂಚಮಿಯೆಂದರೆ ನಮ್ಮ ಕಡೆ ಹೆಣ್ಣುಮಕ್ಕಳ ಹಬ್ಬ. ಮನೆಯ ಮಗಳು ಎಲ್ಲಿಯೇ ಇದ್ದರೂ ಬರಬೇಕು, ಜೋಕಾಲಿಯಾಡಬೇಕು, ಶೇಂಗಾದ ಉಂಡಿ ತಂಬಿಟ್ಟುಗಳನ್ನು ತಿನ್ನಬೇಕು. ಅವಳು ಒಂದು ತಿಂಗಳ ಮುಂಚೆಯೇ ಮೂರು ದಿನಗಳಿಗೆ ಅಪೇಕ್ಷೆ ತಿಳಿಸಿದ್ದಳು. ಪಟ್ಟಿ ಬಂದಿತು: 28ಕ್ಕೆ ಬೆಳಗಿನ ಹಾರಾಟ, 29ಕ್ಕೆ ಸ್ಟ್ಯಾಂಡ್‌ಬೈ. ನಾದಿನಿಯು ಕಣ್ಣೀರು ತೆಗೆದಳು. "ಹೊಸಾ ಕಾನೂನು ಬಂದೈತಿ, ನಲವತ್ತೆಂಟ ತಾಸು ಬಿಡ್ತಾರ ಅಂತ ಹೇಳಿದ್ರೆಲ್ಲಾ ಮಾಂವಾರ?" ಎಂದು ನನ್ನನ್ನೇ ಕೇಳಿದಳು. ನಾನು ಅವಳಿಗೆ ಸಮಾಧಾನವಾಗಿ ಲೆಕ್ಕ ಹೇಳಿದೆನು. ಬೆಂಗಳೂರಿನಿಂದ ರಬಕವಿಗೆ ರಾತ್ರಿಯ ಬಸ್ಸಿನಲ್ಲಿ ಹನ್ನೊಂದು ಹನ್ನೆರಡು ತಾಸು, ಮರಳಿ ಅಷ್ಟೇ. ನಲವತ್ತೆಂಟರಲ್ಲಿ ಅರ್ಧವು ಹಾದಿಗೇ ಹೋಯಿತು. ಹುಬ್ಬಳ್ಳಿ ಅಥವಾ ಬೆಳಗಾವಿಯ ವರೆಗೆ ವಿಮಾನದಲ್ಲಿ ಬಂದರೂ ಮುಂದಿನ ಹಾದಿಯು ತಾಸುಗಟ್ಟಲೆ. ಹಾಗೆ ಬಂದು ಹಾಗೆಯೇ ಹೋಗಿ ಮರುದಿನ ನೂರೆಂಬತ್ತು ಜನರನ್ನು ಹೊತ್ತು ಹಾರುವದಾದರೆ ಆ ವಿಶ್ರಾಂತಿಯು ಯಾರಿಗಾದಂತಾಯಿತು? ಕಾಯದೆಯು ಆ ನಲವತ್ತೆಂಟು ತಾಸುಗಳನ್ನು ಕೊಟ್ಟಿದ್ದು ಅವಳ ನಿದ್ರೆಗೆ, ನಮ್ಮ ಜೋಕಾಲಿಗಲ್ಲ. ಮಾತು ಕಠಿನವಾಯಿತೇನೋ, ಆದರೆ ನಾದಿನಿಯು ತಿಳಿದುಕೊಂಡಳು. ಉಂಡಿಗಳ ಡಬ್ಬಿಯನ್ನು ಬೆಂಗಳೂರಿಗೆ ಹೊರಟಿದ್ದ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸಿದೆವು. ಹಳೆಯ ಪರಿಚಯವು ಅಷ್ಟಕ್ಕಾದರೂ ಬಂದಿತು.

ಮುಂದೆ ಎಂಟು ದಿನಗಳಿಗೆ ಅವಳು ರಜೆ ಪಡೆದು ಬಂದಾಗ ಮನೆಯಲ್ಲಿ ಬೇರೆಯೇ ತೊಡಕು. ನಾಲ್ಕು ರಾತ್ರಿಗಳ ಕೆಲಸ ಮುಗಿಸಿ ಬಂದವಳು ಹಗಲು ಹತ್ತು ಗಂಟೆಗೆ ಮಲಗಿದಳು. ಮಾತನಾಡಿಸಲು ಓಣಿಯ ಹೆಂಗಸರು ಒಬ್ಬರ ಹಿಂದೊಬ್ಬರು ಬಂದರು. ನಮ್ಮ ಹಿರಿಯ ಅತ್ತೆಯಂತೂ, "ಸೂರ್ಯ ನೆತ್ತಿಗೆ ಬಂದಾಗ ಹೆಣ್ಮಗಳು ಮಲಗಿದ್ರ ಮನೀಗೆ ಲಕ್ಷ್ಮಿ ಬರ್ತಾಳೇನು?" ಎಂದು ಬಾಗಿಲನ್ನೇ ತಟ್ಟಿದಳು. ನನ್ನ ಮನೆಯಾಕೆಯು ಅಂದು ಮಾಡಿದ ಉಪಾಯವನ್ನು ಪಾಳಿಯ ದುಡಿಮೆಯವರಿರುವ ಮನೆಗಳಿಗಾಗಿ ಇಲ್ಲಿ ಬರೆಯುವೆನು. ಕೋಣೆಯ ಕಿಟಕಿಗೆ ಕಪ್ಪು ಕಂಬಳಿ ಕಟ್ಟಿದಳು. ಆ ಗೋಡೆಗೆ ಹತ್ತಿದ ಮಗ್ಗವನ್ನು ಎರಡು ಗಂಟೆಯ ವರೆಗೆ ನಿಲ್ಲಿಸಲು ಹೇಳಿದಳು. ಕುಕ್ಕರಿನ ಸಿಳ್ಳೆಯಾಗದಂತೆ ಅಂದು ಅನ್ನವನ್ನು ಪಾತ್ರೆಯಲ್ಲಿ ಬಸಿದಳು. ಅತ್ತೆಯನ್ನು ಕರೆದುಕೊಂಡು ಕಾಡಸಿದ್ಧೇಶ್ವರನ ಗುಡಿಗೆ ಹೋದಳು. ಈ ಕಡೆಯ ಉಪಾಯವೇ ಎಲ್ಲಕ್ಕಿಂತ ಪರಿಣಾಮಕಾರಿಯಾಯಿತು.

ರಾತ್ರಿಯ ದುಡಿಮೆಯೆಂದರೇನೆಂಬುದು ನಮ್ಮ ಒಕ್ಕಲಿಗರಿಗೆ ಗೊತ್ತಿಲ್ಲದುದಲ್ಲ. ಬೀಳಗಿಯ ಕಡೆಯಾಗಲಿ ಜಮಖಂಡಿಯ ಕಡೆಯಾಗಲಿ ಪಂಪಿಗೆ ಮೂರು ಫೇಜಿನ ಕರೆಂಟು ಕೆಲವು ದಿನ ಹಗಲು, ಕೆಲವು ದಿನ ರಾತ್ರಿ ಬರುವದು. ನಡುರಾತ್ರಿ ಎದ್ದು ಬ್ಯಾಟರಿ ಹಿಡಿದು ಕಬ್ಬಿಗೆ ನೀರು ತಿರುವಿದವರನ್ನು ಕೇಳಿನೋಡಿರಿ: ಒಂದು ಗಂಟೆಯ ವರೆಗೆ ಹೇಗೂ ನಡೆಯುವದು, ಎರಡು ಗಂಟೆ ದಾಟಿತೆಂದರೆ ಬದುವು ಯಾವದು ಕಾಲುವೆ ಯಾವದು ತಿಳಿಯದಾಗುವದು. ಶಾಸ್ತ್ರಜ್ಞರು ಹೇಳುವದೂ ಅದನ್ನೇ. ರಾತ್ರಿ 2ರಿಂದ ಬೆಳಗಿನ 6ರ ವರೆಗೆ ಮನುಷ್ಯ ದೇಹದ ಎಚ್ಚರವು ಅತ್ಯಂತ ಕೆಳಗಿರುವದು. ಎಷ್ಟು ಅಭ್ಯಾಸ ಮಾಡಿದರೂ ಅದು ಪೂರ್ತಿ ನೀಗದು. ಒಕ್ಕಲಿಗನ ತಪ್ಪಿನಿಂದ ಒಂದು ಬದುವು ಒಡೆದೀತು.

ವಿಮಾನದಲ್ಲಿ ಏನಾದೀತೆಂಬುದಕ್ಕೆ ನಮ್ಮ ನಾಡಿನ ಉದಾಹರಣೆಯೇ ಇದೆ. 2010ರ ಮೇ 22ರ ಬೆಳಗ್ಗೆ ದುಬೈಯಿಂದ ಮಂಗಳೂರಿಗೆ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನವು ಗುಡ್ಡದ ಮೇಲಿನ ಓಡುಹಾದಿಯಲ್ಲಿ ನಿಲ್ಲಲಾರದೆ ಕೆಳಗಿನ ಕಮರಿಗೆ ಬಿದ್ದು ಉರಿಯಿತು. ಅದರೊಳಗಿದ್ದ 166 ಜನರಲ್ಲಿ 158 ಜನರು ಮಡಿದರು. ಉಳಿದವರು 8 ಜನ. ವಿಚಾರಣೆಯ ನ್ಯಾಯಾಲಯವು ಧ್ವನಿಮುದ್ರಣವನ್ನು ಕೇಳಿತು. ಕಡೆಯ ಎರಡು ತಾಸುಗಳ ಆ ಮುದ್ರಣದಲ್ಲಿ ಮೊದಲಿನ 1 ತಾಸು 40 ನಿಮಿಷಗಳ ವರೆಗೆ ಇಬ್ಬರು ಚಾಲಕರ ನಡುವೆ ಮಾತೇ ಇಲ್ಲ; ಕಪ್ತಾನನು ನಿದ್ರೆಯಲ್ಲಿದ್ದನು. ಎಚ್ಚತ್ತ ಮೇಲೂ ನಿದ್ರೆಯ ಜಡವು ತಲೆಯನ್ನು ಬಿಟ್ಟಿರಲಿಲ್ಲ. ವಿಮಾನವು ತಕ್ಕುದಕ್ಕಿಂತ ಎತ್ತರದಲ್ಲಿದೆಯೆಂದೂ ಇಳಿಯದೆ ಮತ್ತೆ ಮೇಲೇರಬೇಕೆಂದೂ ಸಹಚಾಲಕನು ಮೂರು ಸಲ ಹೇಳಿದರೂ ಕಪ್ತಾನನು ಇಳಿಸಿಬಿಟ್ಟನು. ಹೀಗೆ ಹೇಳಿದ್ದನ್ನು ಕೇಳದೆ ಇಳಿಸಿದ್ದೇ ಮುಖ್ಯ ಕಾರಣವೆಂದೂ ನಿದ್ರೆಯ ಜಡವು ಅದಕ್ಕೆ ಕೂಡಿಕೊಂಡ ಕಾರಣವೆಂದೂ ನ್ಯಾಯಾಲಯವು ಬರೆಯಿತು. ಆ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದಾಗ ನನಗೆ ನೆನಪಾದದ್ದು ಕಬ್ಬಿನ ಹೊಲಕ್ಕಿಳಿದ ಬಸ್ಸು. ತಮ್ಮನ ಮಗಳು ಆಗ ಇನ್ನೂ ಶಾಲೆಯ ಹುಡುಗಿ.

ಅದೇ 2025ರ ಸಪ್ಟಂಬರದಲ್ಲಿ ಒಂದು ರಾತ್ರಿ ತಮ್ಮನು ಗಾಬರಿಯಿಂದ ನನ್ನಲ್ಲಿಗೆ ಬಂದನು. ಮಗಳು ಒಂದರ ಹಿಂದೊಂದು ನಸುಕಿನ ಹಾರಾಟಗಳನ್ನು ಮಾಡಿದ ಮೇಲೆ ಮುಂದಿನದಕ್ಕೆ ತಾನು ದಣಿದಿದ್ದೇನೆಂದು ತಿಳಿಸಿ ಹೋಗಿರಲಿಲ್ಲ. ಕಾಯದೆಯು ಹೇಳುವದೂ ಹಾಗೆಯೇ: ದಣಿದಿದ್ದೇನೆಂದು ಬಲ್ಲವನು ವಿಮಾನ ನಡೆಸಕೂಡದು, ಅಂಥವನನ್ನು ಸಂಸ್ಥೆಯು ನೇಮಿಸಕೂಡದು. ಆದರೂ ಕಾರಣ ಕೇಳಿ ಅವಳಿಗೆ ಪತ್ರ ಬಂದಿತ್ತು. ತಮ್ಮನ ಕಣ್ಣ ಮುಂದೆ ಬ್ಯಾಂಕಿನ ಕಂತು ನಿಂತಿತು. "ಅಣ್ಣಾ, ನೀನ ಆಕೀಗೆ ಹೇಳು. ಒಂದ ದಿನ ಹೆಂಗರ ಮಾಡಿ ಹೋಗಬೇಕಿತ್ತು. ನಾವೇನು ಮಗ್ಗದ ಮುಂದ ನಿದ್ದಿ ತಡಕೊಂಡು ನಿಂತಿಲ್ಲೇನು? ನೌಕರಿ ಹೋದ್ರ ಸಾಲ ಯಾರ ತೀರಸ್ತಾರು?" ಎಂದನು.

ಅವನ ಭಯವು ಸುಳ್ಳಲ್ಲ. ಈ ನೌಕರಿಯು ಬೇಸರವಾದರೆ ಬಿಟ್ಟುಬರುವಂಥದೂ ಅಲ್ಲ. 2017ರ ನಿಯಮದ ಮೇರೆಗೆ ಸಹಚಾಲಕರು ಬಿಡಬೇಕಾದರೆ 6 ತಿಂಗಳು ಮುಂಚಿತವಾಗಿ, ಕಪ್ತಾನರು ಒಂದು ವರುಷ ಮುಂಚಿತವಾಗಿ ತಿಳಿಸಬೇಕು. ಮೇಲೆ ಶಿಕ್ಷಣದ ಕರಾರುಪತ್ರವೊಂದು ಬೇರೆ. ನಾನು ಅವನೆದುರಿಗೇ ಮಗಳಿಗೆ ಕರೆ ಮಾಡಿದೆನು. ಅವಳ ಧ್ವನಿ ಶಾಂತವಾಗಿತ್ತು. "ಅಪ್ಪಾ, ನಿನ್ನ ಮಗ್ಗದಾಗ ನಿದ್ದಿಗಣ್ಣಿನ್ಯಾಗ ಎಳಿ ಹರದ್ರ ಸೀರ್ಯಾಗ ಒಂದ ದೋಷ ಬೀಳ್ತದ. ಸಾವಕಾರ ಹತ್ತ ರೂಪಾಯಿ ಮುರಕೋತಾನ. ನಾ ಅಲ್ಲಿ ಕಣ್ಣ ಮುಚ್ಚಿದ್ರ ಮುರಕೊಳ್ಳಾಕ ಯಾರೂ ಉಳಿಯಂಗಿಲ್ಲ" ಎಂದಳು. ತಮ್ಮನು ಉತ್ತರ ಕೊಡಲಿಲ್ಲ. ನಾನು ಅವಳಿಗೆ ಹಳೆಯ ಅನುಭವದ ಒಂದು ಮಾತನ್ನು ಮಾತ್ರ ಹೇಳಿದೆನು: ಉತ್ತರದಲ್ಲಿ ಸಿಟ್ಟಿನ ಶಬ್ದವಿರಕೂಡದು, ಹಿಂದಿನ ಏಳು ದಿನಗಳ ಹಾಜರಾದ ವೇಳೆ, ಬಿಡುಗಡೆಯಾದ ವೇಳೆ, ನಿದ್ರೆ ಮಾಡಿದ ತಾಸು, ಇಷ್ಟನ್ನೇ ತಾರೀಖುವಾರು ಬರೆಯಬೇಕು. ಹಾಗೆಯೇ ಬರೆದಳು. ಆ ಪತ್ರಕ್ಕೆ ಮರುಪತ್ರ ಬರಲಿಲ್ಲ, ನೌಕರಿಯೂ ಹೋಗಲಿಲ್ಲ. ಆದರೆ ಮುಂದಿನ ಎರಡು ತಿಂಗಳು ಅವಳ ಅಪೇಕ್ಷೆಗಳಲ್ಲಿ ಒಂದೂ ನಡೆಯಲಿಲ್ಲ. ಇದಕ್ಕೂ ಅದಕ್ಕೂ ಸಂಬಂಧವಿದೆಯೆಂದು ನಾನು ಹೇಳಲಾರೆನು. ಪಟ್ಟಿ ಬರೆದವನಾದ್ದರಿಂದ ಇಲ್ಲವೆಂದೂ ಹೇಳಲಾರೆನು.

ಡಿಸೆಂಬರ ತಿಂಗಳಲ್ಲಿ ದೇಶವೆಲ್ಲ ಈ ಪಟ್ಟಿಗಳ ಸುದ್ದಿಯನ್ನು ಕೇಳಿತು. ಹೊಸ ನಿಯಮಗಳಿಗೆ ತಕ್ಕಷ್ಟು ವೈಮಾನಿಕರನ್ನು ಹೊಂದಿಸಿಕೊಳ್ಳದೆ ಇಂಡಿಗೋ ಸಂಸ್ಥೆಯ ಹಾರಾಟಗಳು ದಿನೇ ದಿನೇ ರದ್ದಾದವು; 5ನೆಯ ತಾರೀಖು ಒಂದೇ ದಿನ ಸಾವಿರಕ್ಕೂ ಮಿಕ್ಕಿ ನಿಂತವು. ಜನರು ನಿಲ್ದಾಣಗಳ ನೆಲದ ಮೇಲೆ ಮಲಗಿದರು. ಹುಬ್ಬಳ್ಳಿಯಲ್ಲಿ ಒಂದು ಆರತಕ್ಷತೆಯು ವಧೂವರರಿಲ್ಲದೆಯೇ ನಡೆದು ಅವರು ದೂರದ ಊರಿನಿಂದ ಪರದೆಯ ಮೇಲೆ ಕಾಣಿಸಿಕೊಂಡರೆಂದು ಪತ್ರಿಕೆಗಳಲ್ಲಿ ಬಂದಿತು. ಸರಕಾರವು ಆ ಸಂಸ್ಥೆಗೆ ರಾತ್ರಿಯ ಕೆಲವು ನಿಯಮಗಳಿಂದ 2026ರ ಫೆಬ್ರುವರಿ 10ರ ವರೆಗೆ ವಿನಾಯಿತಿ ಕೊಟ್ಟಿತು. ಪಡೆದ ರಜೆಯನ್ನು ವಾರದ ವಿಶ್ರಾಂತಿಯ ಲೆಕ್ಕಕ್ಕೆ ಹಿಡಿಯಕೂಡದೆಂಬ ಒಂದು ವಾಕ್ಯವಿತ್ತು, ಅದನ್ನೂ ಹಿಂತೆಗೆದುಕೊಂಡಿತು. ನಾನು ಎಲ್ಲಕ್ಕಿಂತ ಮರುಗಿದ್ದು ಈ ವಾಕ್ಯಕ್ಕಾಗಿ. ತಾಯಿಯ ಆರೈಕೆಗೆಂದು ಎರಡು ದಿನ ರಜೆ ತೆಗೆದುಕೊಂಡವನಿಗೆ ನಿನ್ನ ವಾರದ ಬಿಡುವು ಅದರಲ್ಲಿಯೇ ಮುಗಿಯಿತೆಂದು ಹೇಳುವದು ಎಷ್ಟು ಸುಲಭವೆಂಬುದು ಪಟ್ಟಿ ಬರೆದವರಿಗೆ ಗೊತ್ತು. ಅದನ್ನು ಕೇಳಿ ಹಿಂದಿರುಗುವವನ ಮುಖವೂ ಅವರಿಗೆ ಗೊತ್ತು.

ನಮ್ಮ ಮಗಳ ಸಂಸ್ಥೆಯು ಬೇರೆಯದು. ಆದರೂ ಆ ವಾರ ಅವಳನ್ನು ಪರಿಚಯದವರೆಲ್ಲ, "ನಿಮ್ಮವರ ವಿಶ್ರಾಂತಿಯ ಹಟದಿಂದ ಲಗ್ನಗಳು ಕೆಟ್ಟವು" ಎಂದು ಚುಚ್ಚಿದರಂತೆ. ನಿಯಮ ಬರುವದೆಂದು ಎರಡು ವರುಷಗಳಿಂದ ತಿಳಿದಿದ್ದವರು ಜನರನ್ನು ನೇಮಿಸಿಕೊಳ್ಳದಿದ್ದರೆ ಅದು ನಿದ್ರೆ ಬೇಡಿದವರ ತಪ್ಪೆಂದು ಹೇಳುವದು ನನ್ನ ಮತದಲ್ಲಿ ನ್ಯಾಯವಲ್ಲ. ಡಿಪೋದಲ್ಲಿ ಹತ್ತು ಚಾಲಕರು ಬೇಕಾದಲ್ಲಿ ಎಂಟು ಜನರನ್ನಿಟ್ಟು ಪಟ್ಟಿ ಬರೆಯುವವನಿಗೆ ಹೇಗಾದರೂ ಹೊಂದಿಸು ಎಂದಂತೆಯೇ ಅದು.

ಸಂಕ್ರಮಣಕ್ಕೆ ಅವಳು ಬಂದಿದ್ದಳು. ಈ ಸಲ ಅಪೇಕ್ಷೆ ನಡೆದಿತ್ತು. ಎಳ್ಳು-ಬೆಲ್ಲ ಕೊಡುವದಾಗಿ ಊಟವಾದ ಮೇಲೆ ತಂದೆಯ ಮಗ್ಗದ ಕೋಣೆಯಲ್ಲಿ ಕುಳಿತು, ಸೀರೆಗಳ ಲೆಕ್ಕದ ವಹಿಯ ಹಿಂದಿನ ಹಾಳೆಯಲ್ಲಿ ಏಳು ಮನೆಗಳ ಕೋಷ್ಟಕವನ್ನು ಎಳೆದಳು. ಅಪ್ಪನು ಬೆಳಗ್ಗೆ ಮಗ್ಗಕ್ಕೆ ನಿಂತ ವೇಳೆ, ರಾತ್ರಿ ಬಿಟ್ಟ ವೇಳೆ. ಅವ್ವನು ಕಂಡಿಕೆಗೆ ಕುಳಿತ ವೇಳೆ. ಕೇಳಿ ಕೇಳಿ ತುಂಬಿದಳು. ಅಪ್ಪನದು ಆ ವಾರ 91 ತಾಸು ಆಯಿತು. ಅವ್ವನದನ್ನು ತುಂಬುವಾಗ, ಅಡಿಗೆಯ ಜೊತೆಗೆ ಸುತ್ತಿದ್ದನ್ನು ಯಾವ ಮನೆಯಲ್ಲಿ ಬರೆಯಬೇಕೆಂದು ನನ್ನನ್ನು ಕೇಳಿದಳು. ಎರಡರಲ್ಲಿಯೂ ಬರೆ ಎಂದೆನು.

"ಅಪ್ಪಾ, ನಿನ್ನ ವಾರದ ರಜಾ ಯಾವಾಗ?" ಎಂದಳು.

"ಅಮಾಸಿಗೆ" ಎಂದನು ತಮ್ಮ.

"ಅದು ತಿಂಗಳಿಗೊಮ್ಮೆ."

ತಮ್ಮನು ನಕ್ಕು ಎದ್ದು ಲಾಳಿಗೆ ಹೊಸ ಕಂಡಿಕೆಯನ್ನು ಹಾಕಿದನು. ಆದರೆ ಆ ಹಾಳೆಯನ್ನು ಹರಿಯಲಿಲ್ಲ. ಈಗ ಬನಹಟ್ಟಿಯ ಆ ಮನೆಯಲ್ಲಿ ರಾತ್ರಿ ಹತ್ತಕ್ಕೆ ಎರಡು ಮಗ್ಗಗಳನ್ನು ನಿಲ್ಲಿಸುತ್ತಾರೆ. ಉಳಿದೆರಡು ಹಂಗಾಮಿನ ಮೇಲೆ. ಬ್ಯಾಂಕಿನ ಸಾಲದಲ್ಲಿ ಇನ್ನೂ ಆರು ವರುಷದ ಕಂತುಗಳಿವೆ. ಕಾಡಸಿದ್ಧೇಶ್ವರನ ಜಾತ್ರೆಗಾಗಿ ಮಗಳು ನಾಲ್ಕು ದಿನಗಳನ್ನು ಕೇಳಿದ್ದಾಳೆ. ಪಟ್ಟಿ ಇನ್ನೂ ಬಂದಿಲ್ಲ.